ಓದುಕೂಟದ ಪಟ್ಟಿ ಗೋಡೆಗೆ ಅಂಟುವ ತನಕ

ಹೋದ ಭಾನುವಾರ ಆರಾಧನೆ ಮುಗಿದ ಮೇಲೆ ಚರ್ಚಿನ ನೋಟಿಸ್ ಬೋರ್ಡಿಗೆ ಒಂದು ಹಾಳೆ ಅಂಟಿಸಿ ಬಂದೆ. 2026ರಲ್ಲಿ ನಮ್ಮ ಓದುಕೂಟ ಓದಲಿರುವ ಪುಸ್ತಕಗಳ ಪಟ್ಟಿ. ಒಂಬತ್ತು ಹೆಸರು. ಹೆಸರಿಗೊಂದು ವಾರದಂತೆ ಒಂಬತ್ತು ವಾರ ಹಿಡಿಯಿತು. ನಾಲ್ಕು ಸಭೆ, ಎರಡು ಮುನಿಸು, ಲೆಕ್ಕವಿಲ್ಲದಷ್ಟು ಫೋನು. ಕ್ರಿಸ್ಮಸ್ಸಿಗೆ ಮುಂಚಿನ ಸಿದ್ಧತೆಯ ಕಾಲವಾದ ಅಡ್ವೆಂಟಿನ ಮೊದಲ ಭಾನುವಾರ ಪ್ರಕಟಿಸುತ್ತೇವೆಂದು ಹೇಳಿದ್ದೆವು, ಅದೂ ಒಂದು ವಾರ ತಪ್ಪಿತು.

ಈ ಕೆಲಸ ಬೇಕೆಂದು ನಾನು ಕೇಳಿಕೊಂಡಿರಲಿಲ್ಲ. ಹಿಂದಿನ ಸಂಚಾಲಕರು ಬೇರೆ ಊರಿಗೆ ಹೊರಟು ನಿಂತಿದ್ದರು. ಆ ಸಂಜೆಯ ಕೂಟಕ್ಕೆ ನಾನು ಕಾಲು ಗಂಟೆ ತಡವಾಗಿ ಹೋದೆ. ಬಾಗಿಲು ದಾಟುತ್ತಿದ್ದ ಹಾಗೆ ಚಪ್ಪಾಳೆ ಬಿತ್ತು. ಯಾಕೆಂದು ಕೇಳಿದರೆ, ‘ಇನ್ನು ಮೇಲೆ ನೀವೇ ಸಂಚಾಲಕಿ’ ಅಂದರು. ಹೀಗೆ ಸಿಕ್ಕಿಬೀಳುವವರು ನಾನೊಬ್ಬಳೇ ಇರಲಾರೆ. ಅಂಥವರು ಯಾರಾದರೂ ಇದ್ದರೆ ಅವರಿಗಾಗಿ, ಮರೆಯುವ ಮೊದಲು, ಎಲ್ಲವನ್ನೂ ಇದ್ದ ಹಾಗೆ ಬರೆದಿಡುತ್ತಿದ್ದೇನೆ.

ಅಕ್ಟೋಬರ್ 5ರ ಭಾನುವಾರ, ‘ಮುಂದಿನ ವರ್ಷಕ್ಕೆ ನಿಮಗಿಷ್ಟವಾದ ಪುಸ್ತಕ ಸೂಚಿಸಿ’ ಎಂದು ಗುಂಪಿಗೆ ಒಂದು ಸಂದೇಶ ಹಾಕಿದೆ. ನನ್ನ ಮೊದಲ ತಪ್ಪು ಅದೇ. ನಾವಿರುವುದು ಹದಿನಾಲ್ಕು ಜನ, ವಾರದೊಳಗೆ ಬಂದದ್ದು 41 ಹೆಸರು. ಒಬ್ಬರೇ ಹನ್ನೊಂದು ಕಳಿಸಿದ್ದರು. ಒಂದೇ ಪುಸ್ತಕ ಮೂರು ವೇಷದಲ್ಲಿ ಬಂದಿತ್ತು: ಒಬ್ಬರು ಇಂಗ್ಲಿಷ್ ಹೆಸರು ಬರೆದಿದ್ದರು, ಇನ್ನೊಬ್ಬರು ತಾವೇ ಮಾಡಿಕೊಂಡ ಕನ್ನಡ ಹೆಸರು, ಮತ್ತೊಬ್ಬರು ಬರೀ ಲೇಖಕರ ಹೆಸರು. ಎರಡು ಪುಸ್ತಕ ಎಲ್ಲೂ ಸಿಗುತ್ತಿರಲಿಲ್ಲ. ಒಂದಂತೂ ಇನ್ನೂ ಅಚ್ಚೇ ಆಗಿರಲಿಲ್ಲ, ಸೂಚಿಸಿದವರೇ ಅದನ್ನು ಬರೆಯುತ್ತಿದ್ದರು.

ಇನ್ನೊಮ್ಮೆ ಮಾಡುವುದಾದರೆ ತಲೆಗೆ ಒಂದೇ ಹೆಸರು ಕೇಳುತ್ತೇನೆ. ಹೆಸರಿನ ಜೊತೆ ನಾಲ್ಕು ವಿವರ ಬೇಕು: ಯಾವ ಆವೃತ್ತಿ, ಎಷ್ಟು ಪುಟ, ಯಾವ ಭಾಷೆಯಲ್ಲಿ ಸಿಗುತ್ತದೆ, ಸೂಚಿಸಿದವರು ಅದನ್ನು ಕೊನೆಯ ತನಕ ಓದಿದ್ದಾರೋ ಇಲ್ಲವೋ. ನಾಲ್ಕನೆಯದನ್ನು ನಾನು ಆಮೇಲೆ ಒಬ್ಬೊಬ್ಬರಿಗೂ ಫೋನ್ ಮಾಡಿ ಕೇಳಬೇಕಾಯಿತು. 41ರಲ್ಲಿ ಪೂರ್ತಿ ಓದಿ ಸೂಚಿಸಿದ್ದು 16. ಉಳಿದವೆಲ್ಲ ‘ತುಂಬಾ ಒಳ್ಳೇದಂತೆ’.

ಎರಡು ವಾರ ಬಿಟ್ಟು ಮೊದಲ ಸಭೆ. ಒಬ್ಬೊಬ್ಬರಿಗೆ ಮೂರು ಮತ. ಎಣಿಸಿ ಮೊದಲ ಹನ್ನೆರಡನ್ನು ಬೋರ್ಡಿನ ಮೇಲೆ ಬರೆದಾಗ ಎಲ್ಲರ ಮುಖದಲ್ಲೂ ಒಂದು ಸಂತೃಪ್ತಿ. ದೊಸ್ತೊಯೆವ್‌ಸ್ಕಿಯ ‘ಕರಮಜೋವ್ ಸಹೋದರರು’ ಮೊದಲ ಸ್ಥಾನ, ಸಂತ ಅಗಸ್ಟೀನರ ಆತ್ಮಕಥೆ ‘ಕನ್ಫೆಷನ್ಸ್’ ಎರಡನೆಯದು. ಅದರ ಕೆಳಗೆ ದೇವಶಾಸ್ತ್ರದ ಎರಡು ದಪ್ಪ ಸಂಪುಟ. ಕೇಳಿದವರು ತಲೆಬಾಗುವಂಥ ಪಟ್ಟಿ. ಮನೆಗೆ ಬಂದು ಪುಟ ಕೂಡಿಸಿದೆ. ಹತ್ತಿರ ಹತ್ತಿರ 4,600. ತಿಂಗಳಿಗೆ 380ಕ್ಕೂ ಮೇಲೆ. ನಮ್ಮಲ್ಲಿ ರಾತ್ರಿ ಪಾಳಿ ಕೆಲಸದವರಿದ್ದಾರೆ, ಎಳೆ ಮಕ್ಕಳ ತಾಯಂದಿರಿದ್ದಾರೆ, ಕಣ್ಣಿಗೆ ಆಪರೇಷನ್ ಆದವರಿದ್ದಾರೆ. ಇದು ಆಗಿಹೋಗುವ ಮಾತಲ್ಲ ಅನ್ನುವುದು ಗೊತ್ತಿತ್ತು. ಆದರೆ ಅಷ್ಟು ಖುಷಿಯಲ್ಲಿದ್ದವರಿಗೆ ಅದನ್ನು ಹೇಳುವುದು ಹೇಗೆ?

ಎರಡನೇ ಸಭೆಗೆ ಹೋಗುವಾಗ ಒಂದು ಬಿಳಿ ಹಾಳೆಯನ್ನು ಹದಿನಾಲ್ಕು ಚೀಟಿ ಮಾಡಿಕೊಂಡು ಹೋದೆ. ‘ಹೆಸರು ಬರೀಬೇಡಿ. ಈ ವರ್ಷ ನಾವು ಹನ್ನೆರಡು ಪುಸ್ತಕ ಇಟ್ಟುಕೊಂಡಿದ್ದೆವು. ಅದರಲ್ಲಿ ನೀವು ಮುಗಿಸಿದ್ದು ಎಷ್ಟು? ಬರೀ ಅಂಕಿ ಸಾಕು. ಏನಾದರೂ ಹೇಳಬೇಕು ಅನಿಸಿದರೆ ಕೆಳಗೆ ಒಂದು ಸಾಲು ಬರೀರಿ’ ಅಂದೆ. ಒಬ್ಬರು ನಕ್ಕರು. ಆಮೇಲೆ ಯಾರೂ ನಗಲಿಲ್ಲ. ಕಾಣಿಕೆ ಚೀಲವನ್ನೇ ಸುತ್ತು ಹಾಯಿಸಿ ಚೀಟಿ ಕೂಡಿಸಿದೆವು.

ಒಂದು ಚೀಟಿಯಲ್ಲಿ 12 ಇತ್ತು. ಒಂದರಲ್ಲಿ 9. ಮೂರರಲ್ಲಿ ಐದೋ ಆರೋ, ಅದರಲ್ಲಿ ನನ್ನದೂ ಒಂದು. ಐದು ಚೀಟಿಯಲ್ಲಿ ಎರಡು, ಮೂರು. ಇನ್ನೆರಡರಲ್ಲಿ 1, ಕೆಳಗೆ ‘ಪುಸ್ತಕ ಸಿಗಲಿಲ್ಲ’. ಸಿಗಲಿಲ್ಲ ಅಂದರೆ ಕೊಳ್ಳಲಾಗಲಿಲ್ಲ ಅಂತಲೂ ಇರಬಹುದು ಅನ್ನುವುದು ನನಗೆ ಹೊಳೆದದ್ದು ಮನೆಗೆ ಬಂದ ಮೇಲೆ. ಒಂದರಲ್ಲಿ ಬರೀ ಸೊನ್ನೆ. ಕೊನೆಯದರಲ್ಲಿ ಸೊನ್ನೆಯೂ ಇತ್ತು, ಒಂದು ಸಾಲೂ ಇತ್ತು. ದೊಡ್ಡ ದೊಡ್ಡ ಅಕ್ಷರ. ಸಾಲು ಎಡದಿಂದ ಹೊರಟು ಬಲಗಡೆ ಇಳಿಜಾರಿಗೆ ಬಿದ್ದು ಚೀಟಿಯ ಅಂಚಿನಲ್ಲಿ ಮುಗಿದಿತ್ತು: ‘ಅಕ್ಷರ ಕಾಣಿಸೋದಿಲ್ಲಮ್ಮ.’

ಅದನ್ನು ಗಟ್ಟಿಯಾಗಿ ಓದಲಿಲ್ಲ. ಸೊನ್ನೆ ಅಂತಷ್ಟೇ ಹೇಳಿ ಚೀಟಿಯನ್ನು ಬೈಬಲ್ಲಿನೊಳಗೆ ಇಟ್ಟುಕೊಂಡೆ. ಯಾರ ಕೈಬರಹ ಅಂತ ಗೊತ್ತಾಗಿತ್ತು. ಈಗ ಅವರೇ ಎಲ್ಲರೆದುರು ಹೇಳಿಕೊಂಡಿದ್ದಾರೆ, ಬರೆಯಲು ಒಪ್ಪಿಗೆಯನ್ನೂ ಕೊಟ್ಟಿದ್ದಾರೆ. ನಮ್ಮ ಕೂಟದಲ್ಲಿ ಎಲ್ಲರಿಗಿಂತ ಹಿರಿಯ ಆಂಟಿ. ಪ್ರತಿ ತಿಂಗಳೂ ಮೊದಲು ಬಾಯಿ ಬಿಡುವವರೇ ಅವರು. ‘ನಿಮ್ಮ ಮನಸ್ಸಿಗೆ ತಾಗಿದ ಭಾಗ ಯಾವುದು? ಅದನ್ನ ಒಂದ್ಸಲ ಓದಿ ಹೇಳಿ’ ಅಂತ ಒಬ್ಬೊಬ್ಬರನ್ನೂ ಕೇಳುತ್ತಿದ್ದರು. ಚರ್ಚೆಗೆ ಎಷ್ಟು ಒಳ್ಳೇ ಶುರು ಅಂತ ನಾವೆಲ್ಲ ಮೆಚ್ಚಿಕೊಂಡಿದ್ದೆವು. ಅವರು ಆ ವರ್ಷದ ಹನ್ನೆರಡು ಪುಸ್ತಕವನ್ನೂ ಓದಿದ್ದು ಹಾಗೆ, ನಾವು ಓದಿ ಹೇಳಿದ ತುಂಡುಗಳಲ್ಲಿ.

ಚೀಟಿಗಳ ನಂತರ ಮತದಾನದ ಪಟ್ಟಿಯನ್ನು ಉಳಿಸಿಕೊಳ್ಳಲು ಯಾರೂ ಹೆಚ್ಚು ಹಟ ಮಾಡಲಿಲ್ಲ, ಬ್ಯಾಂಕಿನಿಂದ ನಿವೃತ್ತರಾದ ಅಂಕಲ್ ಒಬ್ಬರನ್ನು ಬಿಟ್ಟು. 12 ಬರೆದಿದ್ದವರು ಅವರೇ ಇರಬೇಕು. ‘ಕರಮಜೋವ್’ ಅವರ ಸೂಚನೆ. ‘ಕಷ್ಟ ಅಂತ ಬಿಟ್ಟರೆ ಓದುಕೂಟ ಯಾಕೆ? ಮನೆಯಲ್ಲಿ ಒಬ್ಬರೇ ಓದಲಾಗದ್ದನ್ನು ತಾನೇ ಕೂಡಿ ಓದಬೇಕಾದ್ದು?’ ಅಂದರು. ಮಾತು ನ್ಯಾಯವಾದದ್ದೇ. ನನಗೂ ಉತ್ತರ ತೋಚಲಿಲ್ಲ. ಉಪಾಯ ಹೊಳೆದದ್ದು ಆ ರಾತ್ರಿ, ಪುಸ್ತಕದ ಮುನ್ನುಡಿ ತಿರುವಿ ಹಾಕುವಾಗ. ಆ ಕಾದಂಬರಿ 1879 ಮತ್ತು 1880ರಲ್ಲಿ ಒಂದು ಮಾಸಪತ್ರಿಕೆಯಲ್ಲಿ ಕಂತುಕಂತಾಗಿ ಬಂದದ್ದು. ಅಂದಿನ ರಷ್ಯನ್ ಓದುಗರಿಗೇ ಅದು ಹತ್ತಿರಹತ್ತಿರ ಎರಡು ವರ್ಷದ ಓದು. ನಾವು ಒಂದು ತಿಂಗಳಲ್ಲಿ ಮುಗಿಸಲು ಹೊರಟಿದ್ದೆವು! ಅಂಕಲ್‌ಗೆ ಫೋನ್ ಮಾಡಿ ಇದನ್ನು ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಾಗಾದರೆ ಐದನೇ ಪರ್ವ?’ ಅಂದರು. ಐದನೇ ಪರ್ವದ ಮೂರರಿಂದ ಐದನೆಯ ತನಕ, ಮೂರು ಅಧ್ಯಾಯ. ಅಣ್ಣ ಇವಾನ್, ತಮ್ಮ ಅಲ್ಯೋಶ ಒಂದು ಮೇಜಿನೆದುರು ಕೂತು ಮಕ್ಕಳ ಸಂಕಟದ ಬಗ್ಗೆ, ದೇವರ ಬಗ್ಗೆ ಮಾತಾಡುವ ಭಾಗ. ‘ಗ್ರ್ಯಾಂಡ್ ಇನ್‌ಕ್ವಿಸಿಟರ್’ ಅಂತ ಇವಾನ್ ಹೇಳುವ ಕಥೆ ಬರುವುದೂ ಅಲ್ಲೇ. ಹಿಂದಿನ ಕಥೆಯನ್ನು ಅಂಕಲ್ ಇಪ್ಪತ್ತು ನಿಮಿಷದಲ್ಲಿ ಹೇಳಿಕೊಡುತ್ತಾರೆ ಎಂದು ಒಪ್ಪಂದವಾಯಿತು.

ರಷ್ಯನ್ ಕಾದಂಬರಿ ಇಟ್ಟುಕೊಳ್ಳುವವರು ಹೆಸರುಗಳ ಒಂದು ಚೀಟಿ ಮಾಡಿ ಹಂಚಿಬಿಡಿ. ಅಲ್ಯೋಶ, ಅಲೆಕ್ಸೈ, ಅಲೆಕ್ಸೈ ಫ್ಯೊದೊರೊವಿಚ್ ಮೂವರೂ ಒಬ್ಬನೇ. ಇದು ಗೊತ್ತಿಲ್ಲದೆ ಮೂರು ಪಾತ್ರಗಳನ್ನು ಹಿಂಬಾಲಿಸಿ ಸುಸ್ತಾದವರು ನಮ್ಮಲ್ಲೇ ಇದ್ದಾರೆ.

ಆ ಸಭೆಯಲ್ಲೇ ಎರಡು ಕಟ್ಟಳೆ ಮಾಡಿಕೊಂಡೆವು. ಒಂದು, ತಿಂಗಳಿಗೆ 150 ಪುಟ ಮೀರುವಂತಿಲ್ಲ. ಮೀರಿದರೆ ಎರಡು ತಿಂಗಳು ಕೊಡಬೇಕು, ಇಲ್ಲ ಒಂದು ಭಾಗ ಆರಿಸಿಕೊಳ್ಳಬೇಕು. ಇನ್ನೊಂದು, ಸೂಚಿಸಿದವರು ಆ ಪುಸ್ತಕದ ಮೊದಲ ಕೆಲವು ಪುಟಗಳನ್ನು ಸಭೆಯಲ್ಲಿ ಗಟ್ಟಿಯಾಗಿ ಓದಬೇಕು. ಎರಡನೇ ಕಟ್ಟಳೆಯೇ ಅರ್ಧ ಪಟ್ಟಿಯನ್ನು ಉದುರಿಸಿತು. ತಾವೇ ಓದುತ್ತಾ ಓದುತ್ತಾ, ‘ಇದು ಬೇಡ ಬಿಡಿ’ ಎಂದು ಮುಚ್ಚಿಟ್ಟವರು ಮೂವರು.

ಸಿ. ಎಸ್. ಲೂಯಿಸರ ‘ದ ಸ್ಕ್ರೂಟೇಪ್ ಲೆಟರ್ಸ್’ ಮಾತ್ರ ಓದುವ ಮೊದಲೇ ಎಡವಿತು. 1942ರ ಪುಸ್ತಕ, 31 ಪತ್ರಗಳು. ತಿಂಗಳ ಓದಿಗೆ ಹೇಳಿ ಮಾಡಿಸಿದ ಹಾಗೆ, ದಿನಕ್ಕೊಂದು. ಒಂದು ಹಿರಿಯ ದೆವ್ವ ತನ್ನ ಸೋದರಳಿಯನಿಗೆ ಮನುಷ್ಯನನ್ನು ದಾರಿ ತಪ್ಪಿಸುವುದು ಹೇಗೆ ಅಂತ ಬುದ್ಧಿ ಹೇಳಿ ಬರೆಯುವ ಪತ್ರಗಳವು. ಅದರಲ್ಲಿ ‘ಶತ್ರು’ ಅಂದರೆ ದೇವರು. ಮಹಿಳಾ ಕೂಟದ ಒಬ್ಬ ಅಮ್ಮನಿಗೆ ನಾನು ಇದ್ಯಾವುದನ್ನೂ ಹೇಳದೆ ಪುಸ್ತಕ ಕೊಟ್ಟುಬಿಟ್ಟಿದ್ದೆ. ಮರುವಾರ ಅವರು ಅದನ್ನು ಹಳೇ ಪೇಪರಿನಲ್ಲಿ ಸುತ್ತಿ ತಂದು ನನ್ನ ಕೈಗಿಟ್ಟು, ‘ಇದು ಮನೇಲಿ ಇರೋದು ಬೇಡಮ್ಮ’ ಅಂದರು. ಸೊಸೆ ಬೇರೆ ಎರಡು ಪುಟ ಓದಿದ್ದಳಂತೆ. ಪುಸ್ತಕ ಇರುವುದೇ ತಲೆಕೆಳಗಾಗಿ, ದೆವ್ವ ಯಾವುದನ್ನು ಹೊಗಳುತ್ತದೋ ಅದು ನಮಗೆ ಆಪತ್ತು ಅಂತ ತಿಳಿಸಿ ಹೇಳಿದೆ. ಅರ್ಧ ಮನಸ್ಸಿನಿಂದ ವಾಪಸು ತೆಗೆದುಕೊಂಡು ಹೋದರು. ಈಗ ಆ ತಿಂಗಳ ಚರ್ಚೆ ನಡೆಸಿಕೊಡುವವರು ಅವರೇ. ಸೊಸೆಯೂ ಕೂಟಕ್ಕೆ ಸೇರಿದ್ದಾಳೆ.

ಮುನಿಸಿನ ವಿಷಯಕ್ಕೆ ಬರುತ್ತೇನೆ. ಜಪಾನಿನ ಕ್ಯಾಥೊಲಿಕ್ ಲೇಖಕ ಶುಸಾಕು ಎಂಡೊ 1966ರಲ್ಲಿ ಬರೆದ ‘ಸೈಲೆನ್ಸ್’ ಕಾದಂಬರಿಯನ್ನು ನಮ್ಮ ಕಾಲೇಜು ಹುಡುಗಿಯೊಬ್ಬಳು ಸೂಚಿಸಿದ್ದಳು. ಪೂರ್ತಿ ಓದಿ ಸೂಚಿಸಿದ 16ರಲ್ಲಿ ಅದೂ ಒಂದು. ಹದಿನೇಳನೇ ಶತಮಾನದ ಜಪಾನಿನಲ್ಲಿ ಕ್ರೈಸ್ತರ ಮೇಲೆ ಹಿಂಸೆ ನಡೆದಾಗ, ಕ್ರಿಸ್ತನ ಚಿತ್ರವಿದ್ದ ಫಲಕವನ್ನು ತುಳಿಯಿರಿ ಎಂದು ಒತ್ತಾಯಿಸುತ್ತಿದ್ದ ಕಾಲದ ಕಥೆ. ಸಭೆಯಲ್ಲಿ ಎಲ್ಲರೂ ಒಪ್ಪಿದ್ದರು. ರಾತ್ರಿ ಒಂಬತ್ತೂವರೆಗೆ ಚರ್ಚಿನ ಒಬ್ಬ ಹಿರಿಯರು ಫೋನ್ ಮಾಡಿದರು. ‘ವಿಶ್ವಾಸ ಬಿಟ್ಟ ಪಾದ್ರಿಯ ಕಥೆಯನ್ನ ಚರ್ಚಿನ ಹಾಲ್‌ನಲ್ಲಿ ಕೂತು ಓದಬೇಕಾ? ಚಿಕ್ಕವರು ಬರ್ತಾರೆ, ಅವರಿಗೆ ಏನಂತ ಹೇಳ್ತೀರಿ?’ ಕೋಪಕ್ಕಿಂತ ಆತಂಕವೇ ಆ ದನಿಯಲ್ಲಿ ಹೆಚ್ಚಿತ್ತು. ಇತ್ತ ಹುಡುಗಿಗೆ ವಿಷಯ ಗೊತ್ತಾಗಿ, ‘ಪುಸ್ತಕ ಓದದೇನೇ ಬೇಡ ಅಂತಾರಲ್ಲ ಅಕ್ಕಾ’ ಎಂದು ಅವಳು ಎರಡು ವಾರ ಕೂಟದ ಕಡೆ ತಲೆ ಹಾಕಲಿಲ್ಲ.

ನಮ್ಮ ಸಭಾಪಾಲಕರಾದ ಅಯ್ಯನವರ ಬಳಿ ಹೋದೆ. ನಿಜ ಹೇಳಬೇಕೆಂದರೆ, ಇಬ್ಬರಲ್ಲಿ ಒಬ್ಬರಿಗೆ ಅವರೇ ಬುದ್ಧಿ ಹೇಳಲಿ, ನಾನು ಬಚಾವಾಗುತ್ತೇನೆ ಅನ್ನುವುದು ನನ್ನ ಲೆಕ್ಕ. ಅವರು, ‘ನಾನು ಅದನ್ನ ಓದಿಲ್ಲ. ಓದದೆ ಹೇಗೆ ಹೇಳಲಿ? ಎರಡು ವಾರ ಕೊಡಿ’ ಅಂದರು. ಆ ಎರಡು ವಾರದಷ್ಟು ಉದ್ದದ ಕಾಯುವಿಕೆ ನನ್ನ ಪಾಲಿಗೆ ಇನ್ನೊಂದಿರಲಿಲ್ಲ. ಪಟ್ಟಿ ನಿಂತುಹೋಯಿತು. ಪುಸ್ತಕ ತರಿಸುವ ಹಾಗಿಲ್ಲ, ತಿಂಗಳು ಹಂಚುವ ಹಾಗಿಲ್ಲ. ದಿನಕ್ಕೊಬ್ಬರು ‘ಏನಾಯ್ತು?’ ಅನ್ನುವರು. ‘ಅದರದ್ದೇ ಸಿನಿಮಾ ಬಂದಿದೆಯಲ್ಲ, ಅದನ್ನೇ ನೋಡಿ ಮುಗಿಸೋಣ’ ಅಂತ ಒಬ್ಬರ ಸಲಹೆ.

ಅಯ್ಯನವರು ಹದಿನೈದನೇ ದಿನ ಪುಸ್ತಕ ಹಿಡಿದುಕೊಂಡೇ ಬಂದರು. ಪುಟಪುಟಕ್ಕೂ ಪೆನ್ಸಿಲ್ ಗೆರೆ. ಓದಿ, ಆದರೆ ಎರಡು ಷರತ್ತು ಎಂದರು. ಆ ತಿಂಗಳು ಬೈಬಲ್ಲಿನಲ್ಲಿ ಯೇಸುವಿನ ಶಿಷ್ಯ ಪೇತ್ರನು ಮೂರು ಸಲ ‘ಆ ಮನುಷ್ಯನನ್ನು ನಾನರಿಯೆ’ ಎಂದ ಭಾಗವನ್ನು ಮೊದಲು ಓದಬೇಕು, ಕಾದಂಬರಿಯನ್ನು ಆಮೇಲೆ. ಎರಡನೆಯದು, ಬೇಡವೆಂದ ಹಿರಿಯರನ್ನೂ ಆ ದಿನ ಕರೆಯಬೇಕು, ಅವರು ಬೇಡ ಅಂದದ್ದು ಯಾಕೆಂದು ಅವರಿಂದಲೇ ಕೇಳಬೇಕು. ಹಿರಿಯರು ಬರುತ್ತೇನೆ ಎಂದಿದ್ದಾರೆ. ಓದುತ್ತೇನೆ ಎಂದಿಲ್ಲ. ಹುಡುಗಿ ವಾಪಸು ಬಂದಳು.

ಇದರಿಂದ ನನಗೆ ತಿಳಿದದ್ದು ಇಷ್ಟು: ಸಭಾಪಾಲಕರಿಗೆ ಪಟ್ಟಿಯನ್ನು ಕೊನೆಗೆ ಸಹಿಗೆ ಕಳಿಸಬೇಡಿ. ಶುರುವಿನಲ್ಲೇ, ತಕರಾರು ಬರಬಹುದಾದ ಎರಡೋ ಮೂರೋ ಪುಸ್ತಕಗಳನ್ನು ಅವರ ಕೈಗೆ ಕೊಟ್ಟುಬಿಡಿ. ಅವರಿಗೂ ವಾರಕ್ಕೊಂದು ಪ್ರಸಂಗ, ಮದುವೆ, ಆಸ್ಪತ್ರೆ ಭೇಟಿ ಎಲ್ಲ ಇರುತ್ತವೆ. ಅಕ್ಟೋಬರಿನಲ್ಲೇ ಕೊಟ್ಟಿದ್ದರೆ ಅಡ್ವೆಂಟಿಗೆ ಮಾತು ಉಳಿಸಿಕೊಳ್ಳುತ್ತಿದ್ದೆ.

ತಿಂಗಳು ಹಂಚಲು ಕೂತಾಗ ಇನ್ನೊಂದು ಎಡವಟ್ಟು ಬೆಳಕಿಗೆ ಬಂತು. ಲೆಂಟ್‌ಗೆ (ಈಸ್ಟರಿಗೆ ಮುಂಚಿನ ಉಪವಾಸದ ನಲವತ್ತು ದಿನ) ಎಂದು ಇಟ್ಟ ಪುಸ್ತಕವನ್ನು ನಾವು ಅಭ್ಯಾಸಬಲದಿಂದ ಮಾರ್ಚ್, ಏಪ್ರಿಲ್‌ಗೆ ಬರೆದಿದ್ದೆವು. 2025ರಲ್ಲಿ ಈಸ್ಟರ್ ಏಪ್ರಿಲ್ 20ಕ್ಕೆ ಬಂದಿತ್ತು, ಸರಿಹೋಗಿತ್ತು. 2026ರಲ್ಲಿ ಅದು ಏಪ್ರಿಲ್ 5. ಲೆಂಟ್ ಶುರುವಾಗುವ ಬೂದಿ ಬುಧವಾರ ಫೆಬ್ರವರಿ 18ಕ್ಕೇ ಬಂದುಬಿಡುತ್ತದೆ. ಈಸ್ಟರ್ ಮಾರ್ಚ್ 22ರಿಂದ ಏಪ್ರಿಲ್ 25ರ ನಡುವೆ ಎಲ್ಲಿ ಬೇಕಾದರೂ ಬರಬಹುದು. ಹಾಗಾಗಿ ಮೊದಲು ಕ್ಯಾಲೆಂಡರ್ ಬಿಡಿಸಿ ಈಸ್ಟರ್ ಗುರುತು ಮಾಡಿಕೊಳ್ಳಿ, ಪುಸ್ತಕ ಆಮೇಲೆ. ಕ್ರಿಸ್ಮಸ್ ತಿಂಗಳಲ್ಲಿ ಗಾಯನ ಮಂಡಳಿಯವರು ಯಾರೂ ಓದುವುದಿಲ್ಲ, ಇದನ್ನೂ ಈಗಲೇ ಒಪ್ಪಿಕೊಂಡುಬಿಡಿ.

ಲೆಂಟ್‌ಗೆ ಜರ್ಮನಿಯ ಪಾದ್ರಿ ಬೊನ್‌ಹಾಫರ್ ಬರೆದ ‘ಲೈಫ್ ಟುಗೆದರ್’ ಇಟ್ಟುಕೊಂಡಿದ್ದೇವೆ. ಪುಟ್ಟ ಪುಸ್ತಕ, ಐದೇ ಅಧ್ಯಾಯ. ಫಿಂಕನ್‌ವಾಲ್ಡಿನಲ್ಲಿ ಅವರು ನಡೆಸುತ್ತಿದ್ದ ದೇವಶಾಸ್ತ್ರ ಶಾಲೆಯನ್ನು 1937ರಲ್ಲಿ ನಾಜಿಗಳ ಗುಪ್ತ ಪೊಲೀಸ್ ಪಡೆ ಗೆಸ್ಟಾಪೊ ಮುಚ್ಚಿಸಿತು. ಅಲ್ಲಿ ಕೂಡಿ ಬಾಳಿದ ಅನುಭವದಿಂದ ಬಂದ ಪುಸ್ತಕ ಇದು, ಪ್ರಕಟವಾದದ್ದು 1939ರಲ್ಲಿ. ಶುಭ ಶುಕ್ರವಾರಕ್ಕೆ ಮುಂಚಿನ ಕೂಟದಲ್ಲಿ ಮಾತ್ರ ಗೋವಿಂದ ಪೈಗಳ ‘ಗೊಲ್ಗೊಥಾ’. ನಮ್ಮ ನಿವೃತ್ತ ಟೀಚರ್ ಪಟ್ಟು ಹಿಡಿದು ಹಾಕಿಸಿದ್ದು. ಕ್ರಿಸ್ತನ ಶಿಲುಬೆಯ ದಿನವನ್ನು ಕುರಿತ ಖಂಡಕಾವ್ಯ, ಕನ್ನಡ ಬಲು ಬಿಗಿ. ಪರೀಕ್ಷೆಗೆಂದು ಅವರು ಒಂದಿಷ್ಟು ಸಾಲು ಓದಿದಾಗ ಅರ್ಥ ಪೂರ್ತಿ ಆಗದಿದ್ದರೂ ಯಾರೂ ಅಲುಗಾಡಲಿಲ್ಲ. ಸರದಿಯ ಮೇಲೆ ಗಟ್ಟಿಯಾಗಿ ಓದುತ್ತೇವೆ, ಟೀಚರ್ ಅರ್ಥ ಹೇಳುತ್ತಾರೆ.

ಪ್ರತಿಗಳನ್ನು ಹೊಂದಿಸುವ ಕೆಲಸದಲ್ಲಿ ಇಷ್ಟೊಂದು ಬಲೆಗಳಿರುತ್ತವೆ ಎಂದುಕೊಂಡಿರಲಿಲ್ಲ. ‘ಕನ್ಫೆಷನ್ಸ್’ ನಾಲ್ಕು ಜನರ ಬಳಿ ಮೊದಲೇ ಇತ್ತು, ನಾಲ್ಕೂ ಬೇರೆ ಬೇರೆ ಅನುವಾದ. ‘72ನೇ ಪುಟ ನೋಡಿ’ ಅಂದರೆ ಒಬ್ಬರಿಗೆ ಪೇರಲ ಹೋಲುವ ಪೇರ್ ಹಣ್ಣಿನ ಕಳ್ಳತನ, ಇನ್ನೊಬ್ಬರಿಗೆ ತಾಯಿ ಮೋನಿಕಾ. ಅದೃಷ್ಟಕ್ಕೆ ಆ ಕೃತಿಗೆ ಎಲ್ಲ ಅನುವಾದಗಳಲ್ಲೂ ಒಂದೇ ಆದ ಭಾಗ, ಅಧ್ಯಾಯ ಸಂಖ್ಯೆಗಳಿವೆ. 13 ಭಾಗ. ಅಗಸ್ಟೀನರು ತೋಟದಲ್ಲಿ ‘ತೆಗೆದು ಓದು’ ಎಂಬ ದನಿ ಕೇಳುವುದು ಎಂಟನೇ ಭಾಗದ ಹನ್ನೆರಡನೇ ಅಧ್ಯಾಯ, ನಿಮ್ಮ ಪ್ರತಿ ಯಾವುದೇ ಇರಲಿ. ಪುಟ ಸಂಖ್ಯೆ ಮರೆತುಬಿಡಿ. ನಾವು ಓದುತ್ತಿರುವುದು ಮೊದಲ ಒಂಬತ್ತು ಭಾಗ, ಎರಡು ತಿಂಗಳಲ್ಲಿ. ಅವರ ಬದುಕಿನ ಕಥೆ ಅಲ್ಲಿಗೆ ಮುಗಿಯುತ್ತದೆ. ಮುಂದೆ ನೆನಪು, ಕಾಲ, ಸೃಷ್ಟಿಯ ವಿಚಾರ. ಬೇಕಾದವರು ಮನೆಯಲ್ಲಿ ಓದಿಕೊಳ್ಳಲಿ.

ಬನ್ಯನ್‌ರ ‘ಪಿಲ್‌ಗ್ರಿಮ್ಸ್ ಪ್ರೋಗ್ರೆಸ್’ ಇದಕ್ಕೆ ಉಲ್ಟಾ. ಒಬ್ಬ ಯಾತ್ರಿಕ ಸ್ವರ್ಗದ ನಗರಕ್ಕೆ ನಡೆದು ಹೋಗುವ ಕಥೆ ಅದು. ಮೂಲದಲ್ಲಿ ಅಧ್ಯಾಯಗಳೇ ಇಲ್ಲ. 1678ರಲ್ಲಿ ಬಂದದ್ದು ಮೊದಲ ಭಾಗ, ಎರಡನೆಯದು ಬಂದದ್ದು 1684ರಲ್ಲಿ. ಕೆಲವು ಪ್ರತಿಗಳಲ್ಲಿ ಎರಡೂ ಇವೆ, ಕೆಲವದರಲ್ಲಿ ಒಂದೇ. ಮಕ್ಕಳಿಗೆಂದು ಕತ್ತರಿಸಿದ ಸಂಕ್ಷಿಪ್ತ ಪ್ರತಿಗಳಂತೂ ಬೇಕಾದಷ್ಟು, ಮುಖಪುಟದಲ್ಲಿ ಹಾಗಂತ ಬರೆದಿರುವುದೂ ಇಲ್ಲ. ಮೂರು ಪ್ರತಿ ತರಿಸಿದ ಮೇಲೆ ತೂಕ ನೋಡಿ ಅನುಮಾನ ಬಂತು. ಒಂದು ಉಳಿದೆರಡರ ಅರ್ಧದಷ್ಟಿತ್ತು. ಅಧ್ಯಾಯಗಳ ಬದಲು ದೃಶ್ಯಗಳಾಗಿ ಪಾಲು ಮಾಡಿಕೊಂಡಿದ್ದೇವೆ: ನಿರಾಶೆಯ ಕೆಸರಿನ ತನಕ ಒಬ್ಬರು, ವ್ಯಾನಿಟಿ ಸಂತೆಯ ತನಕ ಇನ್ನೊಬ್ಬರು, ಸಂದೇಹದ ಕೋಟೆ ಮತ್ತೊಬ್ಬರು.

ಖರ್ಚಿನ ಬಗ್ಗೆ. ಆ ಎರಡು ‘ಪುಸ್ತಕ ಸಿಗಲಿಲ್ಲ’ ಚೀಟಿಗಳು ತಲೆಯಲ್ಲಿ ಕೊರೆಯುತ್ತಿದ್ದವು. ಮೊದಲ ಪಟ್ಟಿಗೆ ಹೋಲಿಸಿದರೆ ಈಗಿನದಕ್ಕೆ ಮೂರನೇ ಒಂದು ಭಾಗದಷ್ಟೇ ಹಣ ಸಾಕು. ಆದರೂ ಎಲ್ಲರಿಗೂ ಅದು ಸಲೀಸಲ್ಲ. ‘ಕಷ್ಟ ಇದ್ದವರು ಹೇಳಿ’ ಅಂದರೆ ಯಾರೂ ಹೇಳುವುದಿಲ್ಲ, ನಾನಾಗಿದ್ದರೂ ಹೇಳುತ್ತಿರಲಿಲ್ಲ. ಹಾಗಾಗಿ ಪ್ರತಿ ಪುಸ್ತಕದ್ದೂ ನಾಲ್ಕು ಪ್ರತಿ ಕೂಟದ ಹಣದಲ್ಲೇ ಕೊಂಡು ಹಾಲಿನ ಕಪಾಟಿನಲ್ಲಿಟ್ಟಿದ್ದೇವೆ. ಕಪಾಟಿಗೆ ಬೀಗವಿಲ್ಲ, ತೆಗೆದುಕೊಂಡವರು ಹೆಸರು ಬರೆಯಬೇಕಿಲ್ಲ. ಒಂದೆರಡು ಕಳೆದುಹೋಗಬಹುದು, ಹೋಗಲಿ.

‘ಎಲ್ಲಾ ಝೆರಾಕ್ಸ್ ಮಾಡಿಸಿಬಿಡೋಣ’ ಅಂದವರಿದ್ದರು. ಲೇಖಕರು ತೀರಿಕೊಂಡು ಶತಮಾನಗಳೇ ಆಗಿದ್ದರೂ ಅನುವಾದ ಹೊಸದಾಗಿದ್ದರೆ ಅದರ ಹಕ್ಕು ಅನುವಾದಕರದು. ಚರ್ಚಿನ ಕೂಟವೇ ಕದ್ದು ಅಚ್ಚು ಹಾಕಿತು ಅನ್ನಿಸಿಕೊಳ್ಳುವುದು ಬೇಡ. ಹಕ್ಕು ಮುಗಿದ ಹಳೆಯ ಅನುವಾದಗಳು ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತವೆ. ‘ಕನ್ಫೆಷನ್ಸ್’ಗೆ ಪ್ಯೂಸಿಯವರ 1838ರ ಅನುವಾದವಿದೆ, ‘ಕರಮಜೋವ್’ಗೆ ಕಾನ್‌ಸ್ಟನ್ಸ್ ಗಾರ್ನೆಟ್‌ರ 1912ರದ್ದು. ಗಾರ್ನೆಟ್ ಇಂದಿಗೂ ಸಲೀಸಾಗಿ ಓದಿಸಿಕೊಳ್ಳುತ್ತದೆ. ಪ್ಯೂಸಿಯವರ ಇಂಗ್ಲಿಷ್ ನಮ್ಮ ಹಳೇ ಬೈಬಲ್ಲಿನ ಕನ್ನಡದಂತೆ. ಅಭ್ಯಾಸವಿದ್ದವರಿಗೆ ಸೈ, ಉಳಿದವರಿಗೆ ತ್ರಾಸು.

ಇನ್ನು ಆಂಟಿಯ ವಿಷಯ. ಚೀಟಿ ಕೈಗೆ ಬಂದು ಹತ್ತು ದಿನ ನಾನು ಏನೂ ಮಾಡಲಿಲ್ಲ. ಹೇಗೆ ಕೇಳುವುದೆಂದು ತಿಳಿಯದೆ. ಕೊನೆಗೆ ಅವರ ಮನೆಗೆ ಹೋಗಿ, ಬೇರೆ ಏನೇನೋ ಮಾತಾಡಿ, ಏಳುವ ಹೊತ್ತಿಗೆ, ‘ಆಂಟಿ, ಜನವರಿ ಪುಸ್ತಕ ನಾನು ಜೋರಾಗಿ ಓದಿಕೊಂಡರೆ ನನಗೇ ಚೆನ್ನಾಗಿ ಹತ್ತುತ್ತೆ. ನೀವು ಕೂತು ಕೇಳ್ತೀರಾ?’ ಅಂದೆ. ಅವರು ನನ್ನ ಕಡೆ ನೋಡಿದರು. ‘ಚೀಟಿ ನನ್ನದೇ ಅಂತ ಗೊತ್ತಾಯ್ತಾ?’ ಅಂದರು. ನಾನು ಹೂಂ ಅಂದೆ. ‘ಹಾಗಂದರೆ ನಾಟಕ ಯಾಕೆ, ಓದು’ ಅಂದರು.

ಜನವರಿಯ ಪುಸ್ತಕ ಬ್ರದರ್ ಲಾರೆನ್ಸರದು, ದೇವರ ಸನ್ನಿಧಿಯಲ್ಲಿ ಬದುಕುವ ಅಭ್ಯಾಸದ ಕುರಿತದ್ದು. ಪ್ಯಾರಿಸ್ಸಿನ ಒಂದು ಕಾರ್ಮೆಲ್ ಮಠದ ಅಡಿಗೆಮನೆಯಲ್ಲಿ ದುಡಿದ ಮನುಷ್ಯ, ತೀರಿಕೊಂಡದ್ದು 1691ರಲ್ಲಿ. ಪುಸ್ತಕ ಬರೆಯಬೇಕೆಂದು ಬರೆದವರಲ್ಲ. ಅವರ ನಾಲ್ಕು ಸಂಭಾಷಣೆ, ಒಂದಿಷ್ಟು ಪತ್ರಗಳನ್ನು ಬೇರೆಯವರು ಕೂಡಿಸಿ ಪ್ರಕಟಿಸಿದರು. ಇಂಗ್ಲಿಷ್ ಓದಿ, ಕನ್ನಡದಲ್ಲಿ ಹೇಳುತ್ತಾ ಹೋದೆ. ಮೊದಲ ಸಂಭಾಷಣೆ ಮುಗಿಯುವಷ್ಟರಲ್ಲಿ ಅವರು ನನಗಿಂತ ಮುಂದಿದ್ದರು. ಎರಡನೇ ಸಲ ಹೋದಾಗ ಫೋನಿನಲ್ಲಿ ರೆಕಾರ್ಡ್ ಮಾಡಿದೆ. ಮುಂದಿನ ಕೂಟದಲ್ಲಿ ಅವರೇ ಎದ್ದು ನಿಂತು, ತಾನು ಈ ವರ್ಷ ಒಂದೂ ಓದಿಲ್ಲವೆಂದೂ, ಇನ್ನು ಕೇಳಿಸಿಕೊಳ್ಳುತ್ತೇನೆಂದೂ ಹೇಳಿದರು. ರಾತ್ರಿ ಪಾಳಿಯ ಹುಡುಗ ಕೂಡಲೇ, ‘ಆ ರೆಕಾರ್ಡಿಂಗ್ ನನಗೂ ಕಳಿಸ್ತೀರಾ?’ ಅಂದ. ಈಗ ಅದು ಆರು ಜನರಿಗೆ ಹೋಗುತ್ತಿದೆ. ಕೂಟದ ಒಳಗಷ್ಟೇ. ಹೊರಗೆ ಹಂಚುವುದಾದರೆ ಮತ್ತೆ ಹಕ್ಕಿನ ಪ್ರಶ್ನೆ ಬರುತ್ತದೆ. ಇಂಗ್ಲಿಷ್ ಕೇಳಿ ತಿಳಿಯುವವರಿಗೆ ಲಿಬ್ರಿವಾಕ್ಸ್ ಇದೆ. ಹಕ್ಕು ಮುಗಿದ ಪುಸ್ತಕಗಳನ್ನು ಸ್ವಯಂಸೇವಕರು ಓದಿ ಅಲ್ಲಿ ಹಾಕಿರುತ್ತಾರೆ, ದುಡ್ಡಿಲ್ಲ. ಓದುವವರ ದನಿ ಒಂದೊಂದು ಕಡೆ ಒಂದೊಂದು ತರ, ಮೊದಲು ಐದು ನಿಮಿಷ ಕೇಳಿ ನೋಡಿ.

ಚರ್ಚೆ ನಡೆಸುವವರನ್ನು ಗೊತ್ತುಮಾಡುವುದು ಸುಲಭವಾಗಿತ್ತು. ಸೂಚಿಸಿದವರೇ ನಡೆಸಬೇಕು ಅಂದುಬಿಟ್ಟೆವು. ಆ ಮಾತಿಗೆ ಇನ್ನೆರಡು ಪುಸ್ತಕ ತಾವಾಗಿಯೇ ಪಟ್ಟಿಯಿಂದ ಇಳಿದವು. ಡಿಸೆಂಬರಿಗೆ ಟಾಲ್‌ಸ್ಟಾಯ್ 1885ರಲ್ಲಿ ಬರೆದ ಸಣ್ಣ ಕಥೆ, ಮಾರ್ಟಿನ್ ಎಂಬ ಚಮ್ಮಾರನದು. ಕೂತ ಕಡೆಯೇ ಓದಿ ಮುಗಿಸುತ್ತೇವೆ, ಗಾಯನ ಮಂಡಳಿಯವರಿಗೂ ನೆಪ ಉಳಿಯುವುದಿಲ್ಲ. ಈಸ್ಟರ್ ಆದ ತಿಂಗಳು ಮತ್ತು ಆಗಸ್ಟ್ ಖಾಲಿ. ಹಿಂದೆ ಬಿದ್ದವರು ಆಗ ಕೂಡಿಕೊಳ್ಳಲಿ.

ಹಾಳೆಯನ್ನು ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿದ್ದೆ, ಎರಡು ಕಾಗದ ಜೋಡಿಸಿ. ಅಂಟಿಸುವಾಗ ಆಂಟಿ ಪಕ್ಕದಲ್ಲೇ ನಿಂತು, ಮುಖ ಬೋರ್ಡಿಗೆ ತಾಗುವಷ್ಟು ಹತ್ತಿರ ತಂದು, ಬೆರಳಿಟ್ಟು ಮೊದಲ ಎರಡು ಸಾಲು ತಾವೇ ಓದಿದರು. ಮೂರನೆಯದಕ್ಕೆ ನನ್ನ ಕಡೆ ತಿರುಗಿದರು. ಓದಿ ಹೇಳಿದೆ.

ಬುಧವಾರದ ಪ್ರಾರ್ಥನೆಗೆ ಹೋದಾಗ ನೋಡಿದರೆ ಡಿಸೆಂಬರ್ ಸಾಲಿನ ಕೆಳಗೆ ಯಾರೋ ಪೆನ್ಸಿಲ್‌ನಲ್ಲಿ ಸಣ್ಣಗೆ ಬರೆದಿದ್ದರು: ‘2027, 2028: ಕರಮಜೋವ್, ಪೂರ್ತಿ. ಎರಡು ವರ್ಷ.’ ಲೆಕ್ಕದ ಪುಸ್ತಕದಲ್ಲಿ ಬರೆದಂತೆ ಅಚ್ಚುಕಟ್ಟಾದ ಅಂಕಿಗಳು. ಒರೆಸಲಿಲ್ಲ.